ಮನೆ ಕದಿಯುವಾಗ ಪಾಸ್ಕು ಕೂಗಿದ ಮಾತು

ಪಾಸ್ಕು, ನೀನು ಕೂಗಿದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ಬ್ಯಾಟು ಬೀಸಿದೆ. ನಿನ್ನ ಎಡಗಣ್ಣು ಹೋದದ್ದು ನಿನ್ನ ತಪ್ಪಿನಿಂದಲ್ಲ, ಗ್ರಹಚಾರದಿಂದಲೂ ಅಲ್ಲ—ನನ್ನಿಂದ. ಇಷ್ಟು ಹೇಳುವುದಕ್ಕೆ ಈ ಸಂಜೀವನಿಗೆ ಹದಿನೇಳು ವರ್ಷ ಬೇಕಾಯಿತು. ನಾಚಿಕೆಗೇಡು!

ನಾವಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆವು. ನಮ್ಮ ಡ್ರಿಲ್ ಮಾಸ್ಟ್ರು ಮದರಾಸಿನಲ್ಲಿ ಅಮೆರಿಕದವರೊಬ್ಬರಿಂದ ಬೇಸ್‌ಬಾಲ್ ಕಲಿತು ಬಂದವರು. ಮೈದಾನದಲ್ಲಿ ನಾಲ್ಕು ಕಡೆ ಮರಳು ತುಂಬಿದ ಗೋಣಿ ಇಟ್ಟು ನಮಗೂ ಕಲಿಸಿದರು. ಬ್ಯಾಟು ಹಿಡಿದವನು ನಿಲ್ಲುವ ಗೋಣಿಗೆ ‘ಮನೆ’ ಎಂದು ಹೆಸರು. ಉಳಿದ ಮೂರನ್ನು ಸುತ್ತಿ ಮನೆ ಮುಟ್ಟಿದರೆ ಒಂದು ಓಟ. ಯಾರೂ ಚೆಂಡು ಹೊಡೆಯದೆ, ಮೂರನೆಯ ಗೋಣಿಯಿಂದ ಸೀದಾ ನುಗ್ಗಿ ಬಂದರೆ ಅದು ‘ಮನೆ ಕದಿಯುವುದು’. ಇದನ್ನು ಕೇಳಿ ನನ್ನ ಅಪ್ಪ, “ಎಂತ ಮಾರಾಯ, ಶಾಲೆಗೆ ಹೋಗಿ ಕಳ್ಳತನ ಕಲಿಯುವುದಾ?” ಎಂದು ನಕ್ಕಿದ್ದರು.

ಆ ಕಳ್ಳತನದಲ್ಲಿ ನೀನು ಎತ್ತಿದ ಕೈ. ಎಸೆಯುವವನು ಕೈ ಮೇಲೆತ್ತಿ ಎಸೆತ ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ ಎಂಬುದು ನಿಯಮ. ಆ ಗಳಿಗೆಗೆ ಸರಿಯಾಗಿ ನೀನು ಹೊರಟುಬಿಡುತ್ತಿದ್ದೆ. ಆಗ ಬ್ಯಾಟು ಹಿಡಿದವನಿಗೆ ಒಂದೇ ಕೆಲಸ—ಬೀಸದೆ ನಿಲ್ಲುವುದು, ನೀನು ಹತ್ತಿರ ಬಂದಾಗ ಪಕ್ಕಕ್ಕೆ ಸರಿಯುವುದು. ಆದರೆ ಬಲಗೈಯಲ್ಲಿ ಆಡುವವನಿಗೆ ಮೂರನೆಯ ಗೋಣಿ ಬೆನ್ನ ಕಡೆಗಿರುತ್ತದೆ, ಓಡಿ ಬರುವವನು ಕಾಣುವುದಿಲ್ಲ. ಅದಕ್ಕಾಗಿ ಮಾಸ್ಟ್ರು ಮಾತಿನ ಸನ್ನೆ ಇಟ್ಟಿದ್ದರು. ಓಡುವವನು ತುಳುವಿನಲ್ಲಿ “ಬತ್ತೆ!” ಎಂದು ಕೂಗಬೇಕು. ಬಂದೆ ಎಂದು. “ಅದು ಕೇಳಿದ ಮೇಲೆ ಬ್ಯಾಟು ಅಲುಗಿದರೆ ಒಬ್ಬನ ತಲೆ ಒಡೀತದೆ, ನೆನಪುಂಟಲ್ಲ?” ಎಂದು ದಿನಾ ಎಚ್ಚರಿಸುತ್ತಿದ್ದರು. ಬ್ಯಾಟು ಹಿಡಿದವನಿಗೆ ಎರಡು ಚೆಂಡು ತಪ್ಪಿದ್ದರೆ ಮನೆ ಕದಿಯಲೇಬಾರದು, ಮೂರನೆಯದೂ ತಪ್ಪಿದರೆ ಅವನು ಔಟಾದ್ದರಿಂದ ಅದನ್ನು ಹೊಡೆಯಲೇಬೇಕಾಗಬಹುದು ಎಂದೂ ಹೇಳಿದ್ದರು. ಪಾಸ್ಕು, ಆ ದಿನ ನನಗೆ ತಪ್ಪಿದ್ದು ಒಂದೇ ಚೆಂಡು.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ ಉಂಟು. ಚಿಕ್ಕಂದಿನಲ್ಲಿ ಬೋಳಾರದ ನಮ್ಮ ಮನೆಯ ಪಕ್ಕದಲ್ಲಿ ನಿಮ್ಮ ಹಾಗೆ ಕೊಂಕಣಿ ಮಾತಾಡುವವರದೊಂದು ಬೇಕರಿ ಇತ್ತು. ಹತ್ತು ವರ್ಷದವರೆಗೆ ನಾನು ಬೆಳೆದದ್ದು ಆ ಬೇಕರಿಯವರ ಮಕ್ಕಳ ಜೊತೆ. ಕೊಂಕಣಿ ನನಗೆ ತುಳುವಿನಷ್ಟೇ ಅರ್ಥವಾಗುತ್ತಿತ್ತು. ಶಾಲೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ನೀವು ನಾಲ್ಕೈದು ಜನ ಸೇರಿ ಕೊಂಕಣಿಯಲ್ಲಿ ಮಾತಾಡುವಾಗ ಏನೂ ತಿಳಿಯದವನ ಹಾಗೆ ಕೂತು ಕೇಳುವುದು—ಅದೊಂದು ಕೆಟ್ಟ ಚಟವಾಗಿತ್ತು ನನಗೆ.

ಕಣ್ಣಾನೂರಿನ ತಂಡದ ಜೊತೆ ಆಟವಿದ್ದ ಬೆಳಿಗ್ಗೆಯೂ ಹಾಗೆಯೇ ಕೇಳಿಸಿಕೊಂಡೆ. ಬೂಟಿನ ಲಾಡಿ ಕಟ್ಟುತ್ತಾ ನೀನು ಪಕ್ಕದವನಿಗೆ ಕೊಂಕಣಿಯಲ್ಲಿ ಹೇಳಿದೆ—ಸಂಜೀವ ಒಳ್ಳೆಯವನೇ, ಆದರೆ ಅವನ ಹೊಡೆತವನ್ನು ನಂಬಿ ಕೂತರೆ ಆಗುವುದಿಲ್ಲ, ನಾನೇ ಓಡಿ ಗೆಲ್ಲಿಸಬೇಕು. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮೈಯೆಲ್ಲ ಉರಿದುಹೋಯಿತು. ತಿರುಗಿ ಕೇಳುವ ಹಾಗೂ ಇಲ್ಲ—ಕೇಳಿದರೆ ನನ್ನ ಗುಟ್ಟು ಬಯಲು.

ಕೊನೆಯ ಸರದಿ. ಎರಡೂ ಕಡೆ ಓಟ ಸಮ. ಮೂರನೆಯ ಗೋಣಿಯಲ್ಲಿ ನೀನು, ಮನೆಯಲ್ಲಿ ನಾನು. ಬೇಲಿಯ ಸುತ್ತ ಜನ ನಿಂತಿದ್ದರು. ಎಸೆಯುವವನ ಕೈ ಮೇಲೆದ್ದಿತು. ಬೆನ್ನ ಹಿಂದಿನಿಂದ ನಿನ್ನ ಕೂಗು—“ಹಾಂವ್ ಯೆತಾಂ!”

ನಾನು ಬರುತ್ತಿದ್ದೇನೆ ಎಂದು. ಆತುರದಲ್ಲಿ ತುಳು ಮರೆತು ನಿನ್ನ ಮನೆಮಾತೇ ಬಾಯಿಗೆ ಬಂದಿತ್ತು. ನನಗೆ ಅರ್ಥವಾಗಲು ಅರೆಗಳಿಗೆಯೂ ಬೇಕಾಗಲಿಲ್ಲ. ನೀನು ಎಷ್ಟು ಹತ್ತಿರ ಬಂದಿದ್ದೀ ಎಂಬುದೂ ಹೆಜ್ಜೆಯ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಆಗ ನನ್ನ ತಲೆಗೆ ಬಂದದ್ದು—ಥೂ, ಬರೆಯಲೂ ಕೈ ಬರುವುದಿಲ್ಲ—ಇವನು ಕೂಗಿದ್ದು ತುಳುವಿನಲ್ಲಿ ಅಲ್ಲವಲ್ಲ, ನಾನು ಬೀಸಿದರೂ ಯಾರೂ ಕೇಳುವ ಹಾಗಿಲ್ಲ, ಎಂದು. ಬೀಸಿದೆ. ಚೆಂಡು ಸಿಗಲಿಲ್ಲ. ಅದೇ ರಭಸದಲ್ಲಿ ಬ್ಯಾಟು ಎಡಕ್ಕೆ ತಿರುಗಿತು, ನೆಲದ ಮೇಲೆ ಜಾರಿ ಗೋಣಿ ಮುಟ್ಟಲೆಂದು ಬಗ್ಗಿದ್ದ ನಿನ್ನ ಮುಖಕ್ಕೆ ಬಡಿಯಿತು. ನಿನ್ನನ್ನು ಹೊಡೆಯಬೇಕೆಂದು ನಾನು ಬೀಸಿದ್ದಲ್ಲ. ಆದರೆ ನೀನು ಬರುತ್ತಿದ್ದೀ ಎಂದು ಗೊತ್ತಿದ್ದೂ ಬೀಸಿದೆ. ಇವೆರಡಕ್ಕೂ ಎಷ್ಟು ಅಂತರ ಎಂದು ಅಳೆಯುವ ಹಕ್ಕು ನನಗಿಲ್ಲ.

ಆ ಓಟ ಲೆಕ್ಕಕ್ಕೆ ಬಂತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಮಾಸ್ಟ್ರು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿ, “ಕೂಗಿದ್ದು ಕೇಳಲಿಲ್ಲವಾ ನಿನಗೆ?” ಎಂದರು.

“ಕೇಳಿತು ಮಾಸ್ಟ್ರೇ. ನನಗೆ ಕೊಂಕಣಿ ಗೊತ್ತಿಲ್ಲ.”

ಅಷ್ಟೇ. ಅಲ್ಲಿಗೆ ಎಲ್ಲರೂ ಒಪ್ಪಿಬಿಟ್ಟರು. ಮುಖದ ಮೇಲೆ ಟವೆಲು ಒತ್ತಿಕೊಂಡು ಮಲಗಿದ್ದ ನೀನೂ ಒಪ್ಪಿದೆ. “ಅವನಿಗೆ ಬೈಬೇಡಿ ಮಾಸ್ಟ್ರೇ, ತುಳುವಿನಲ್ಲಿ ಹೇಳಬೇಕಿತ್ತು, ನನ್ನದೇ ತಪ್ಪು” ಎಂದೆಯಲ್ಲ—ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

ಹದಿನೈದು ದಿನ ಕಳೆದು ಅತ್ತಾವರದ ನಿಮ್ಮ ಮನೆಗೆ ಬಂದೆ. ನಿನ್ನ ಅಮ್ಮ, ನಾನು ಬಾಯಮ್ಮ ಎನ್ನುತ್ತಿದ್ದವರು, ಕಾಫಿ ತಂದಿಟ್ಟರು. ಇಟ್ಟು, ನಿನ್ನ ಕಡೆ ತಿರುಗಿ ಮೆಲ್ಲಗೆ ಕೊಂಕಣಿಯಲ್ಲಿ ಹೇಳಿದರು—ಪಟ್ಟಿ ಕಟ್ಟಿದ ಬದಿಯನ್ನು ಗೋಡೆಗೆ ಮಾಡಿ ಕೂರು ಮಗ, ನೋಡಿದರೆ ಆ ಹುಡುಗನಿಗೆ ಕಾಫಿ ಇಳಿಯುವುದಿಲ್ಲ. ರೈಲಿನ ಕೆಲಸದ ಸುದ್ದಿಯನ್ನೂ ಅವನೆದುರು ಎತ್ತಬೇಡ, ಪಾಪ, ಜೀವಮಾನವೆಲ್ಲ ಕೊರಗುತ್ತಾನೆ.

ಇಂಜಿನ್ ಡ್ರೈವರ್ ಆಗಬೇಕೆಂಬುದು ನಿನ್ನ ಆಸೆ. ಮೊದಲು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸಕ್ಕೆ ಸೇರಿಸಲು ನಿನ್ನ ಮಾವ ಮಾತಾಡಿ ಇಟ್ಟಿದ್ದರು, ಕಣ್ಣಿನ ಪರೀಕ್ಷೆ ಒಂದೇ ಬಾಕಿ ಇತ್ತು. ಅದು ಕೈತಪ್ಪಿತು ಎಂದು ನನಗೆ ಗೊತ್ತಾದದ್ದು ಹೀಗೆ. ನೀನು ಗೋಡೆಯ ಕಡೆ ತಿರುಗಿ ಕೂತೆ. ನಾನೋ—ಮುಖದಲ್ಲಿ ಏನೂ ತೋರಬಾರದಲ್ಲ—ನಗುತ್ತಾ ಕೇಳಿದೆ: “ಎಂತ ಹೇಳಿದ್ದು ಬಾಯಮ್ಮ?”

“ಎಂತ ಇಲ್ಲ ಮಗ. ಸಕ್ಕರೆ ಸಾಕಾ ಅಂತ ಕೇಳಿದೆ.”

“ಸಾಕು ಬಾಯಮ್ಮ” ಎಂದೆ. ಎಂದು ಕಾಫಿ ಪೂರ್ತಿ ಕುಡಿದೆ.

ಆಮೇಲೆ ಎಷ್ಟು ಸಲ ಆ ಮನೆಗೆ ಬಂದೆನೋ. ನೀನು ಹಂಚಿನ ಕಾರ್ಖಾನೆಗೆ ಸೇರಿದೆ, ಮದುವೆಯಾದೆ. ನಿಮ್ಮವರು ಕೊಂಕಣಿಯಲ್ಲಿ ತಮಾಷೆ ಮಾಡಿದರೆ ನಾನು ಎಲ್ಲರಿಗಿಂತ ತಡವಾಗಿ ನಗಬೇಕು. ಬಾಯಮ್ಮನಿಗೆ ಕೊನೆಯ ಕಾಯಿಲೆಯಾದಾಗ ಅವರು ನೀರು ಕೇಳಿದ್ದು ನಿನ್ನ ಭಾಷೆಯಲ್ಲಿ. ಕೋಣೆಯಲ್ಲಿ ಇದ್ದವನು ನಾನೊಬ್ಬನೇ. ತಂಬಿಗೆ ನನ್ನ ಕೈಯಳತೆಯಲ್ಲೇ ಇತ್ತು. ನಾನು ಹೊರಗೆ ಓಡಿ, “ಪಾಸ್ಕು, ಬಾಯಮ್ಮ ಎಂತದೋ ಹೇಳ್ತಾರೆ” ಎಂದು ನಿನ್ನನ್ನು ಕರೆದೆ. ಸುಳ್ಳು ಎಲ್ಲಿ ಹೊರಬೀಳುತ್ತದೋ ಎಂಬ ಹೆದರಿಕೆ—ಸಾಯುತ್ತಿರುವವರ ಎದುರಿಗೂ! ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ದಿನ.

ಕಳೆದ ಭಾನುವಾರ ನಿನ್ನ ಮಗಳು ಅಂಗಳದಲ್ಲಿ ಆಡುತ್ತಿದ್ದವಳು ಬಂದು, “ಪಪ್ಪಾ, ನಿಮ್ಮ ಕಣ್ಣು ಎಂತದಕ್ಕೆ ಹೋದದ್ದು?” ಎಂದು ನನ್ನೆದುರೇ ಕೇಳಿದಳು. ನೀನು ಅವಳ ತಲೆ ಸವರಿ, “ನಾನೊಬ್ಬ ಪೆದ್ದ ಮಗಳೇ, ಹೇಳುವ ಮಾತು ಸರಿಯಾಗಿ ಹೇಳಲಿಲ್ಲ” ಎಂದೆ. ಅವಳು ನಂಬಿದಳು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನೀನು ಇಗರ್ಜಿಯ ಪೂಜೆ ಮುಗಿಸಿ ಮರಳಿದ ಮೇಲೆ ನಾನೇ ಬಂದು ನಿನ್ನೆದುರು ಓದುತ್ತೇನೆ. ಮಗಳನ್ನೂ ಕರೆದು ಹತ್ತಿರ ಕೂರಿಸಿಕೋ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗದಿದ್ದರೆ ಕೊಂಕಣಿಯಲ್ಲಿ ಹೇಳುತ್ತೇನೆ. ಹೇಳಿ ಮುಗಿಸುವವರೆಗೆ ನನಗೆ ಕೂರು ಎನ್ನಬೇಡ ಪಾಸ್ಕು. ಮುಗಿದ ಮೇಲೂ, ನಿನ್ನ ಮನಸ್ಸು ಒಪ್ಪದಿದ್ದರೆ, ಎನ್ನಬೇಡ.