ಹಾಡಿಗೆ ಮುಂಚಿನ ಎಣಿಕೆ

ಡ್ರಮ್ ಬಾರಿಸುವವನನ್ನು ಸ್ಟುಡಿಯೋದವರು ಗಾಜಿನ ಕೋಣೆಯಲ್ಲಿ ಕೂರಿಸುವುದು ಗೌರವಕ್ಕಲ್ಲ. ಅವನ ಸದ್ದು ಮಿಕ್ಕವರ ಮೈಕಿಗೆ ನುಗ್ಗದಿರಲಿ ಅಂತ. ಡ್ರಮ್ಮಿನ ಕಡ್ಡಿ ಹಿಡಿದೇ ಆ ಹೆಸರು ಪಡೆದ ಕಡ್ಡಿ ಮಾಮನ ತಲೆ ಬೋಳಾದದ್ದು ಆ ಕೋಣೆಯಲ್ಲೇ. ಯಾರ್ಯಾರದೋ ಜಾಝ್ ಹಾಡಿಗೆ ಕರೆದಾಗ ಹೋಗಿ ಬಾರಿಸಿ ಬರುವುದು ಅವನ ಕಸುಬು. ಗಾಜಿನಾಚೆ ಪಿಯಾನೋದವನು ನಕ್ಕರೆ ಹಲ್ಲು ಕಾಣುತ್ತಿತ್ತು, ನಗು ಕೇಳುತ್ತಿರಲಿಲ್ಲ. ತನ್ನನ್ನು ನೋಡಿಯೇ ನಕ್ಕನೇನೋ ಅಂತ ಮಾಮ ಇಲ್ಲದ ಕೂದಲನ್ನು ಸರಿಮಾಡಿಕೊಳ್ಳುತ್ತಿದ್ದ.

ಮದುವೆಯಾಗದ ಮಾಮನಿಗೆ ಇದ್ದವಳು ಅಕ್ಕ ಒಬ್ಬಳೇ. ಅವನು ಹಾಡು ಹಾಕಿದಾಗಲೆಲ್ಲ, "ಇದರಲ್ಲಿ ನೀನೆಲ್ಲಿದ್ದೀಯೋ ಪುಟ್ಟ?" ಅನ್ನುವಳು. ಹಿಂದೆ ಡ್ರಮ್ಮಿನ ಮೇಲೆ ಬ್ರಷ್ ಆಡಿಸಿದ್ದು ಸರಸರ ಅಂತಿದೆಯಲ್ಲ, ಅದೇ ನಾನು ಅಂದರೆ, ಯಾರೋ ಕಸ ಗುಡಿಸ್ತಿದ್ದಾರೆ ಅಂದುಕೊಂಡಿದ್ದೆ ಅನ್ನುವಳು.

ಮಾಮನ ದನಿ ಇರುತ್ತಿದ್ದದ್ದು ಒಂದೇ ಕಡೆ. ಹಾಡು ಶುರುವಾಗುವ ಮುಂಚೆ ಎಲ್ಲರಿಗೂ ಲಯ ಹಿಡಿಸಲು ಅವನು "ಒನ್, ಟೂ, ತ್ರೀ, ಫೋರ್" ಎಣಿಸಬೇಕು. ರೆಕಾರ್ಡಿಂಗಿನವನು ಆಮೇಲೆ ಅದನ್ನು ಉಗುರು ಕತ್ತರಿಸಿದಷ್ಟು ಸಲೀಸಾಗಿ ಕತ್ತರಿಸಿ ಬಿಸಾಕುತ್ತಿದ್ದ.

ಅಕ್ಕನ ಕಿವಿ ಮಂದವಾಗುತ್ತಾ ಬಂತು. ಪೂರ್ತಿ ಕೇಳಿಸದೆ ಹೋಗುವ ಮುಂಚೆ ಒಂದು ಹಾಡಿನಲ್ಲಾದರೂ ಅವಳು ತನ್ನನ್ನು ಗುರುತು ಹಿಡಿಯಲಿ ಅನ್ನುವ ಆಸೆ ಮಾಮನಿಗೆ ಹತ್ತಿತು. ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲದವನು, ನಾಚಿಕೆ ಬಿಟ್ಟು, ಈ ಸಲ ಎಣಿಕೆ ಹಾಗೇ ಇರಲಿ ಅಂತ ರೆಕಾರ್ಡಿಂಗಿನವನನ್ನು ಕೇಳಿಯೇ ಬಿಟ್ಟ. ಹಾಡುವಾಕೆ ಒಪ್ಪಲಿಲ್ಲ. ಪಾಪ ಅನ್ನಿಸಿ ರೆಕಾರ್ಡಿಂಗಿನವನು ಕತ್ತರಿಸಿದ ಚೂರನ್ನೇ ಮಾಮನ ಫೋನಿಗೆ ಹಾಕಿಕೊಟ್ಟ.

ಅಕ್ಕ ಫೋನನ್ನು ಕಿವಿಗೊತ್ತಿಕೊಂಡಳು. ಮುಖ ಅರಳಿತು.

"ನಿನ್ನ ಗಂಟಲೇ ಕಣೋ. ನೆಗಡಿಯಾಗಿತ್ತಾ?"

ಮತ್ತೆ ಕಾದಳು. ಫೋನು ಸುಮ್ಮನಿತ್ತು.

"ಮುಂದೆ?"

ಮುಂದೆ ಇದ್ದರೆ ತಾನೇ. ಮಾಮ ಒಳಗಿನಿಂದ ಎರಡು ಚಮಚ ತಂದು, ಅವಳ ಕುರ್ಚಿಯ ತೋಳಿನ ಮೇಲೂ ಪಕ್ಕದ ಸ್ಟೀಲ್ ಲೋಟದ ಮೇಲೂ ಇಡೀ ಹಾಡು ಬಾರಿಸತೊಡಗಿದ. ನಡುವೆ ಗಾಜಿಲ್ಲದೆ ಒಬ್ಬರ ಮುಂದೆ ಕೂತು ಬಾರಿಸಿ ಎಷ್ಟು ಕಾಲವಾಗಿತ್ತೋ. ಅಕ್ಕ ಕುರ್ಚಿಯ ಮರದ ಅದುರಾಟವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಅರ್ಧ ಹಾಡಿಗೆ ಕತ್ತು ವಾಲಿ ಗೊರಕೆ ಶುರುವಾಯಿತು. ಅದೂ ತಾಳಕ್ಕೆ ಕೂಡಲಿಲ್ಲ.

ಮಾಮ ನಿಲ್ಲಿಸಲಿಲ್ಲ. ಕೊನೆಯ ಪೆಟ್ಟು ಕೊಟ್ಟು, ಕಸುಬಿನ ರೂಢಿಯಂತೆ, ಲೋಟದ ಗುಂಯ್ ಅನ್ನುವ ಸದ್ದು ಪೂರ್ತಿ ಆರುವ ತನಕ ಮಿಸುಕದೆ ಕೂತ. ಸ್ಟುಡಿಯೋದಲ್ಲಾದರೆ ಆಗ ಹೆಡ್‌ಫೋನಿನಲ್ಲಿ "ಆಯ್ತು, ಏಳಬಹುದು" ಅಂತ ಬರುತ್ತದೆ. ಸದ್ದು ಆರಿ ಎಷ್ಟೋ ಹೊತ್ತಾದರೂ ಮಾಮ ಚಮಚ ಹಿಡಿದುಕೊಂಡು ಕೂತೇ ಇದ್ದ.