ಮಾಸಿನ ಮೇಲಿನ ಬಿಳಿ ಕಲೆಗಳು

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳಲ್ಲಿ ನಾನು ದಾಂಡೇಲಿಯ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದೆ. ಹುಬ್ಬಳ್ಳಿಯಲ್ಲಿ ನನಗೆ ಪಾಠ ಹೇಳಿದ್ದ ಮೇಡಂ ಆಗ ಮಾಸಿನ, ಅಂದರೆ ಹೊಟ್ಟೆಯಲ್ಲಿ ಕೂಸಿಗೆ ಆಹಾರ ಒದಗಿಸಿ ಹೆರಿಗೆಯ ಬೆನ್ನಿಗೆ ಹೊರಬೀಳುವ ಪ್ಲಾಸೆಂಟಾದ, ರಕ್ತನಾಳಗಳ ಮೇಲೆ ಸಂಶೋಧನೆ ನಡೆಸಿದ್ದರು. ಬಸಿರಿನಲ್ಲಿ ಬಿಪಿ ಏರಿದ ಹೆಂಗಸರ ಮಾಸಿನಿಂದ ಒಂದು ತುಣುಕು ತೆಗೆದು, ಬಾಟಲಿಯಲ್ಲಿಟ್ಟು ಕಳಿಸುವ ಕೆಲಸವನ್ನು ನಾನು ಖುಷಿಯಿಂದ ಒಪ್ಪಿಕೊಂಡಿದ್ದೆ.

ಹಳಿಯಾಳ ಕಡೆಯ ಹಳ್ಳಿಯೊಂದರಿಂದ ಒಬ್ಬ ಬಸುರಿ ತನ್ನ ಅತ್ತೆಯ ಜೊತೆ ಬಂದಳು. ಮೊದಲ ಬಸಿರಿನಲ್ಲಿ ಬಿಪಿ ಏರಿ, ಮೈಯೆಲ್ಲ ಬಾತು, ಫಿಟ್ಸ್ ಬಂದು, ಕೂಸು ಹೊಟ್ಟೆಯಲ್ಲೇ ಹೋಗಿತ್ತು. ನಾನು ಏನು ಕೇಳಿದರೂ ಅತ್ತೆಯೇ ಉತ್ತರ ಕೊಡುತ್ತಿದ್ದರು.

"ಹೇಳಿದ ಮಾತು ಕೇಳ್ಲಿಲ್ರಿ ಈಕಿ. ಬಸರಿದ್ದಾಗ ಭತ್ತದ ನಾಟಿಗೆ ಹೋದ್ಲು, ಹೊತ್ತಿಗೆ ಸರಿಯಾಗಿ ಉಣ್ಲಿಲ್ಲ. ಕೂಸು ಕಳಕೊಂಡ್ಲು."

ಸೊಸೆ ನೆಲ ನೋಡುತ್ತಾ ಕೂತಿದ್ದಳು.

ಈ ಕೂಸನ್ನು ಉಳಿಸಬಲ್ಲೆ ಎಂಬ ನಂಬಿಕೆ ನನಗಿತ್ತು. ವಾರವಾರವೂ ಬಾ ಎಂದೆ, ತಪ್ಪದೆ ಬಂದಳು. ಮಾಸಿನ ತುಣುಕಿನ ವಿಷಯ ಹೇಳಿದಾಗ "ತಗೋರಿ ಡಾಕ್ಟ್ರ" ಎಂದು ಒಪ್ಪಿದಳು. ಎಂಟನೇ ತಿಂಗಳು ತುಂಬುವ ಹೊತ್ತಿಗೆ ಒಂದು ಮುಂಜಾನೆ "ತಲಿ ಸಿಡೀತೈತ್ರಿ, ಕಣ್ಣು ಮಂಜ ಆಗೇತಿ" ಎನ್ನುತ್ತ ಬಂದಳು. ಬಿಪಿ ನೋಡಿದರೆ ಇನ್ನು ಕಾಯುವಂತಿರಲಿಲ್ಲ. ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟು, ಅರಿವಳಿಕೆ ವೈದ್ಯರನ್ನು ಕರೆಸಿ, ಸಿಜೇರಿಯನ್ ಮಾಡಿದೆ. ತೀರಾ ಸಣ್ಣ ಹೆಣ್ಣುಕೂಸು, ದನಿ ಮಾತ್ರ ಗಟ್ಟಿ.

ಹೊರಗೆ ಅತ್ತೆ ಹೊಸ ಗಡಿಗೆ ಹಿಡಿದು ನಿಂತಿದ್ದರು. ಮಾಸಿಗೆ ನಮ್ಮ ಕಡೆ ಕಸ ಅನ್ನುತ್ತಾರೆ; ಗಡಿಗೆಯಲ್ಲಿಟ್ಟು ಮನೆಯ ಹತ್ತಿರ ಹುಗಿಯುವುದು ರೂಢಿ.

"ಕಸ ಕೊಡ್ರಿ, ಹುಗೀಬೇಕು."

"ಸಣ್ಣ ತುಣುಕು ತಗೊಂಡು ಉಳಿದದ್ದು ಕೊಡ್ತೇನಿ. ನಿಮ್ಮ ಸೊಸಿ ಒಪ್ಪ್ಯಾಳ."

"ಕೂಸಿನ ಜೋಡಿ ಬೆಳದದ್ದು, ಕೊಯ್ಯಬಾರದು. ಅದರಾಗ ಏನು ನೋಡ್ತೀರಿ?"

"ಬರ್ರಿ, ತೋರಸ್ತೇನಿ" ಎಂದು ಒಳಗೆ ಕರೆದೆ. ಒಳ್ಳೆಯ ಮಾಸು ಕೆಂಪಗೆ, ಮೆತ್ತಗೆ ಇರುತ್ತದೆ. ಟ್ರೇಯಲ್ಲಿದ್ದ ಇದರ ಮೇಲೆ ಅಲ್ಲಲ್ಲಿ ಬಿಳಿಚಿ ಗಟ್ಟಿಯಾದ ಕಲೆಗಳಿದ್ದವು. ಬೆರಳಿಟ್ಟು ತೋರಿಸಿದೆ.

"ಶುರುವಿನಾಗ ರಕ್ತನಾಳ ಸರಿಯಾಗಿ ಬೆಳೀಲಿಲ್ಲಂದ್ರ ಇಲ್ಲಿಗೆ ರಕ್ತ ಸಾಲೂದಿಲ್ಲ. ಆಗ ಇದರಿಂದ ಒಂದು ಕೆಟ್ಟ ಅಂಶ ತಾಯಿ ರಕ್ತಕ್ಕ ಸೇರಿ ಬಿಪಿ ಏರಸ್ತದ ಅಂತ ಸಂಶೋಧನಿ ಮಾಡೋರು ಹೇಳ್ತಾರ."

"ನಾಟಿಗೆ ಹೋಗಿದ್ದಕ್ಕ ಅಲ್ಲೇನ್ರಿ?"

"ಅಲ್ರೀ ಯವ್ವಾ. ಉಣಲಿಲ್ಲಂತನೂ ಅಲ್ಲ. ಮೊದಲನೇ ಸಲಾನೂ ಹಿಂಗ ಆಗಿರಬೇಕು. ಇದು ಆಕಿ ಕೈಯಾಗ ಇರೂದಲ್ಲ."

ಅವರು ಬಗ್ಗಿ ಆ ಕಲೆಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ "ಎಷ್ಟು ಬೇಕೋ ತಗೋರಿ" ಎಂದರು. ತುಣುಕು ತೆಗೆದು, ಉಳಿದದ್ದನ್ನು ಗಡಿಗೆಗೆ ಹಾಕಿಕೊಟ್ಟೆ.

ಅವರು ಮನೆಗೆ ಹೊರಡಲಿಲ್ಲ, ನೇರವಾಗಿ ಸೊಸೆಯ ಮಂಚದ ಹತ್ತಿರ ಹೋದರು. "ನಿಂದೇನೂ ತಪ್ಪಿಲ್ಲ ನೋಡವಾ. ಡಾಕ್ಟ್ರು ತೋರಿಸಿದ್ರು. ನಾನ ಸುಮ್ಮಸುಮ್ಮನ ಅಂದೆ." ಸೊಸೆ ಗೋಡೆಯ ಕಡೆ ಮುಖ ಮಾಡಿ ಜೋರಾಗಿ ಅತ್ತಳು. ಅತ್ತೆ ಗಡಿಗೆ ಕಂಕುಳಲ್ಲಿಟ್ಟುಕೊಂಡೇ ಅವಳ ಕಾಲು ಸವರುತ್ತಾ ಕೂತರು. ಡ್ರಿಪ್ ನೋಡಲು ಹೋಗಿದ್ದ ನಾನು ಹಾಗೇ ಹೊರಬಂದೆ.

ಮುಂದೆ ಹುಬ್ಬಳ್ಳಿಯಲ್ಲಿ ಆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾಳಗಳ ಗೋಡೆ ದಪ್ಪಗಾಗಿ, ದಾರಿ ಕಿರಿದಾಗಿತ್ತು. "ಔಷಧ ಇನ್ನೂ ದೂರ ಐತಿ. ಆದ್ರ ಹುಡುಕೋ ಜಾಗ ಸಿಕ್ಕೇತಿ" ಎಂದರು ಮೇಡಂ.

ಕೂಸು ಮೈತುಂಬಿಕೊಂಡಿತು. ಮುಂದಿನ ಮಳೆಗಾಲದಲ್ಲಿ ಆ ಅತ್ತೆ ಪಕ್ಕದ ಮನೆಯ ಹೊಸ ಬಸುರಿಯೊಬ್ಬಳ ಕೈ ಹಿಡಿದು ಬಂದು ನನ್ನ ಮುಂದೆ ಕೂರಿಸಿದರು.

"ಈಕಿಗೆ ಈಗ ಎರಡ ತಿಂಗಳ್ರಿ. ಇವತ್ತಿಂದನ ಬಿಪಿ ನೋಡ್ರಿ."