ರೋಹಿದಾಸಣ್ಣನ ಬಸಳೆ, ಪಕ್ಕದ್ಮನೆ ಟರ್ಕಿ ಕೋಳಿ

ಅಲ್ಲ, ದನ ಆಗಿದ್ರೆ ಕೋಲು ತೋರಿಸ್ಬಹುದಿತ್ತು, ಬೆಕ್ಕಾಗಿದ್ರೆ ನೀರು ಚೆಲ್ಬಹುದಿತ್ತು. ಇದು ಟರ್ಕಿ ಕೋಳಿ ಮಾರಾಯ್ರೆ! ಓಡಿಸ್ಲಿಕ್ಕೆ ಹೋದ್ರೆ ಕುತ್ತಿಗೆಯ ಕೆಂಪು ಜೋಲು ಅಲ್ಲಾಡಿಸಿಕೊಂಡು ಮನುಷ್ಯನನ್ನೇ ಓಡಿಸ್ತದೆ. ಪಾಪ ರೋಹಿದಾಸಣ್ಣ ಎಂತ ಮಾಡ್ಬೇಕು?

ರೋಹಿದಾಸಣ್ಣ ಅಂದ್ರೆ ಅರಬ್ಬಿ ನಾಡಿನ ರುಮೈಥಿಯಾದ ಒಂದು ದೊಡ್ಡ ಮನೆಯ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಅದೇ ಮನೆ, ವೀಸಾ ಕೊಟ್ಟ ಅದೇ ಧಣಿ, ಅದೇ ಕಫೀಲ್. ಹೆಂಡತಿ ಉಮಾವತಿಯಕ್ಕನಿಗೂ ಅಲ್ಲೇ ಅಡಿಗೆ ಕೆಲಸ. ಕಾರಲ್ಲಿ ಕೂತ್ರೆ ಅಣ್ಣನ ಬಾಯಿಂದ ನಾಲ್ಕು ಮಾತು ಬರುದಿಲ್ಲ, ಬಸಳೆಗೆ ನೀರು ಬಿಡುವಾಗ ಮಾತ್ರ ನಿಲ್ಲಿಸುದೇ ಇಲ್ಲ. ಅಡಿಗೆ ಕೋಣೆ ಹಿಂದೆ ಕಂಪೌಂಡಿಗೆ ತಾಗಿ ಮೂರು ಹೆಜ್ಜೆ ಅಗಲದ ಜಾಗ ಉಂಟು. ಮಹಬೂಲಾದಲ್ಲಿ ಯಾರದೋ ಬಾಲ್ಕನಿಯ ಚಟ್ಟಿಯಿಂದ ಎರಡು ದಂಟು ತಂದು ನೆಟ್ಟದ್ದು, ಹಳೆ ಡಿಶ್ ಕಂಬಕ್ಕೆ ಹಗ್ಗ ಕಟ್ಟಿ ಚಪ್ಪರ ಮಾಡಿದ್ದು. ಆ ಮರಳಲ್ಲಿ ಬಸಳೆ ಹಬ್ಬಿದ್ದು ನೋಡಿದ್ರೆ ಕಣ್ಣು ತಂಪಾಗ್ತದೆ.

ಮಾರ್ಚಲ್ಲಿ ಪಕ್ಕದ ಮನೆಯವ್ರು ತೋಟದಿಂದ ಆರು ಟರ್ಕಿ ಕೋಳಿ ತಂದು ಬಿಟ್ರು, ಗೂಡಿಗೆ ಬಾಗಿಲೂ ಹಾಕ್ಸದೆ ಊರು ಸುತ್ಲಿಕ್ಕೆ ಹೋದ್ರು. ಕೋಳಿಗಳು ಗೋಡೆ ಹತ್ತಿ ಈಚೆ ಹಾರಿದ್ವು. ಮೂರೇ ದಿನದಲ್ಲಿ ಬಸಳೆಯ ಬುಡ ಎಲ್ಲ ಕೆದಕಿ ಹಾಕಿದ್ವು, ಎಲೆ ಒಂದೂ ಇಲ್ಲ.

ಕಫೀಲ್ ಮನೆಯ ಹಿರಿಯ ಹೆಂಗಸು, ಎಲ್ರೂ ಅಮ್ಮ ಅನ್ನುವ ಹಾಗೆ ಮಾಮಾ ಅಂತ ಕರಿತಾರೆ, ಬಂದು ನೋಡಿದ್ರು. ಚಪ್ಪಲಿಗೆ ಕೋಳಿ ಹಿಕ್ಕೆ ತಾಗಿತು. "ಖಲಾಸ್! ಶುಕ್ರವಾರ ಇಲ್ಲಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಕ್ಸ್ತೇನೆ. ಅಷ್ಟರಲ್ಲಿ ಸರಿಯಾದ್ರೆ ನಿನ್ನ ಹಸಿರು ಉಳಿತದೆ."

ಆವತ್ತು ಸೋಮವಾರ. ಅಣ್ಣನಿಗೆ ಊಟವೇ ಸೇರ್ಲಿಲ್ಲ.

ಊರಲ್ಲಿ ಗದ್ದೆಗೆ ನಿಲ್ಲಿಸಿದ ಹಾಗೆ ಒಂದು ಬೆರ್ಚಪ್ಪ ಮಾಡುವ ಅಂತ ಹೊರಟ್ರು. ಖರ್ಜೂರದ ಮರದ ಸೋಗೆಯ ಕೈ, ತಲೆಗೆ ಪ್ಲಾಸ್ಟಿಕ್ ಕ್ಯಾನ್, ಮೈಗೆ ತಮ್ಮದೇ ನೀಲಿ ಅಂಗಿ. ಮರುದಿನ ಬೆಳಿಗ್ಗೆ ನೋಡಿದ್ರೆ ಆರೂ ಕೋಳಿ ಬೆರ್ಚಪ್ಪನ ಸುತ್ತ ಕೂತಿದ್ವು. ಒಂದು ಅಂಗಿಯ ತುದಿ ಹಿಡ್ಕೊಂಡು ಎಳೀತಾ ಉಂಟು!

ಉಮಾವತಿಯಕ್ಕ ನಗು ತಡಿಲಿಕ್ಕಾಗದೆ ಕಿಟಕಿ ಸರಳು ಹಿಡ್ಕೊಂಡ್ರು. "ಓ ಇವ್ರೇ, ಬೇಗ ಬನ್ನಿ! ಮಕ್ಕಳು ಅಪ್ಪನ್ನ ಹುಡುಕ್ತಾ ಉಂಟು!"

"ನೀನು ಸುಮ್ನಿರು ಮಾರಾಯ್ತಿ!"

ಗೋಡೆಯಾಚೆಯಿಂದ ಪಕ್ಕದ ಮನೆ ಡ್ರೈವರ್ ಹರ್ಬರ್ಟ್ ತಲೆ ಹಾಕಿದ್ರು. "ಅಲ್ಲ ರೋಹಿದಾಸ್ರೆ, ದಿನಾ ಬೆಳಿಗ್ಗೆ ಅದೇ ಅಂಗಿ ಹಾಕ್ಕೊಂಡು ಗೋಡೆ ಮೇಲೆ ಅನ್ನ ಇಡುದು ಯಾರು?"

ಅಣ್ಣ ಗೋಡೆಯ ಮೇಲೆ ನೋಡಿದ್ರು. ನಿಜ ಅಲ್ವಾ! ಉಳಿದ ಅನ್ನ ಕಸದ ಡಬ್ಬಿಗೆ ಹಾಕ್ಬಾರ್ದು, ಅಬ್ಬೆ ಹೇಳಿ ಕೊಟ್ಟದ್ದು. ಊರಲ್ಲಾದ್ರೆ ಕಾಗೆಗೆ ಇಡುದು. ಇಲ್ಲಿ ಪಾರಿವಾಳ ತಿನ್ಲಿ ಅಂತ ಗೋಡೆ ಮೇಲೆ ಇಟ್ಟದ್ದು. ತಿಂದದ್ದು ಮಾತ್ರ ಟರ್ಕಿ ಕೋಳಿ. ಕರೆದು ಬಡಿಸಿದ್ದೇ ತಾವು, ಈಗ ಅದೇ ಅಂಗಿಯಿಂದ ಹೆದರ್ಸ್ಲಿಕ್ಕೆ ನೋಡುದು!

"ಹಾಗಾದ್ರೆ ಹರ್ಬರ್ಟ್," ಅಂದ್ರು ಅಣ್ಣ ಬೆರ್ಚಪ್ಪನನ್ನ ಕಿತ್ತು ಎತ್ತಿ, "ಇವನನ್ನ ನಿಮ್ಮ ಕಡೆಯೇ ನಿಲ್ಲಿಸುವನಾ?"

"ಈ ದೇಶದಲ್ಲಿ ಇರ್ಲಿಕ್ಕೆ ಇಕಾಮಾ ಕಾರ್ಡ್ ಉಂಟಾ ಇವ್ನಿಗೆ?"

ಇಬ್ರೂ ಸೇರಿ ಬೆರ್ಚಪ್ಪನನ್ನ ಗೋಡೆ ದಾಟಿಸಿದ್ರು. ಗೂಡಿನ ಹತ್ರ ನೆರಳಲ್ಲಿ ನಿಲ್ಲಿಸಿ ಕಾಲಬುಡಕ್ಕೆ ಒಂದು ಬೋಗುಣಿ ಇಟ್ರು. ಅನ್ನ, ಒಣಗಿದ ಖುಬುಸ್ ರೊಟ್ಟಿ, ಸೌತೆ ಸಿಪ್ಪೆ ಎಲ್ಲ ಇನ್ನು ಅದಕ್ಕೇ. ಬೆಳಿಗ್ಗೆ ಹಾಕುದು ಹರ್ಬರ್ಟ್. ಈಚೆ ಗೋಡೆ ಮೇಲೆ ಒಂದು ಅಗುಳೂ ಇಲ್ಲ. ಬುಧವಾರ ಎರಡು ಕೋಳಿ ಹಾರಿ ಬಂದು, ಏನೂ ಸಿಗದೆ ವಾಪಸ್ ಹೋದ್ವು. ಗುರುವಾರ ಒಂದೂ ಬರ್ಲಿಲ್ಲ, ಆರೂ ನೀಲಿ ಅಂಗಿಯ ಕೆಳಗೆ ಹಾಯಾಗಿ ಮಲಗಿದ್ವು.

ಶುಕ್ರವಾರ ಮಾಮಾ ಬಂದ್ರು. ನೆಲ ಗುಡಿಸಿ ಬುಡಕ್ಕೆಲ್ಲ ಮಣ್ಣು ಏರಿಸಿ ಆಗಿತ್ತು. ಬೋಳು ದಂಟಿನ ಗಿಣ್ಣಲ್ಲಿ ಹುರುಳಿ ಕಾಳಿನಷ್ಟು ದೊಡ್ಡ ಚಿಗುರು. ಅಣ್ಣ ಕೈ ಕಟ್ಟಿ ನಿಂತ್ರು. ಮಾಮಾ ಬಗ್ಗಿ ನೋಡಿದ್ರು, ಚಪ್ಪಲಿಯ ಅಡಿಯನ್ನೂ ನೋಡ್ಕೊಂಡ್ರು, ಮತ್ತೆ ಫೋನ್ ತೆಗ್ದು ಇಂಟರ್‌ಲಾಕ್‌ನವನಿಗೆ, "ಬೇಡ, ಗೇಟಿನ ಹತ್ರ ಮಾತ್ರ ಹಾಕು" ಅಂದ್ರು.

ಅಷ್ಟೇ! ಆ ದಿನ ಅಣ್ಣ ಮೂರು ಸಲ ಅನ್ನ ಹಾಕ್ಸ್ಕೊಂಡ್ರಂತೆ.

ಈಗ ಚಪ್ಪರ ಮತ್ತೆ ತುಂಬಿದೆ. ನೀವು ರುಮೈಥಿಯಾ ಕಡೆ ಹೋದ್ರೆ ಹಿಂದಿನ ಗೇಟಲ್ಲಿ ನಿಂತು "ರೋಹಿದಾಸಣ್ಣಾ" ಅಂತ ಒಂದು ಕೂಗು ಹಾಕಿ. ಶುಕ್ರವಾರ ಬೆಳಿಗ್ಗೆ ಇರ್ತಾರೆ, ಪೈಪ್ ಹಿಡ್ಕೊಂಡು. ಹೋಗಿ ಒಮ್ಮೆ, ನಿಜವಾಗ್ಲೂ ಹೋಗಿ ಮಾತಾಡಿಸಿ.